ತಪ್ಪು ಹೊತ್ತ ಪೆಪ್ಪರಮಿಂಟು

ನಮ್ಮ ಬೇಕರಿಯಲ್ಲಿ ಒಂದು ಕಟ್ಟಳೆ ಇದೆ. ಬೆಳಿಗ್ಗೆ ಒಲೆಯಿಂದ ಇಳಿದ ಮೊದಲ ಬನ್ನು ನನ್ನ ಹೆಂಡತಿಯ ಕೈಗೆ ಹೋಗಬೇಕು. ಅವಳು ಅದನ್ನು ಎರಡಾಗಿ ಮುರಿಯುತ್ತಾಳೆ, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಾಳೆ, ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾಳೆ. ಆಮೇಲೆ "ಹೂಂ" ಅನ್ನುತ್ತಾಳೆ, ಇಲ್ಲವೇ "ಊಹೂಂ" ಅನ್ನುತ್ತಾಳೆ. ಹೂಂ ಅಂದರೆ ನಾನು ಹೋಗಿ ಅಂಗಡಿಯ ಬಾಗಿಲು ಎತ್ತುತ್ತೇನೆ. ಊಹೂಂ ಅಂದರೆ ಮುಗಿಯಿತು, ಹೊರಗೆ ಗಿರಾಕಿಗಳು ಸಾಲುಗಟ್ಟಿ ನಿಂತಿದ್ದರೂ ಮತ್ತೆ ಹಿಟ್ಟು ಕಲಸಬೇಕು. ಇಪ್ಪತ್ತಾರು ವರ್ಷದಲ್ಲಿ ಹದಿನೇಳು ಸಲ ಊಹೂಂ ಅಂದಿದ್ದಳು. ಹದಿನೇಳು ಸಲವೂ ನಾನು ಜಗಳ ಆಡಿದ್ದೆ, ಹದಿನೇಳು ಸಲವೂ ಅವಳೇ ಸರಿ. ಇದನ್ನು ಅವಳೆದುರು ಒಪ್ಪಿಕೊಂಡಿದ್ದು ಮಾತ್ರ ಈಚೆಗೆ. ನಾನು ಸ್ವಲ್ಪ ಸಿಡುಕ. ಒಲೆಯ ಮುಂದೆ ನಿಲ್ಲುವವನಿಗೆ ಅಷ್ಟಾದರೂ ಇರುತ್ತದೆ.

ಇಂಥ ಮೂಗು, ಇಂಥ ನಾಲಗೆ ಇದ್ದವಳಿಗೆ ಎದೆಯಲ್ಲಿ ಗಂಟು ಬಂತು. ಡಾಕ್ಟರು ಅದನ್ನು ತೆಗೆದರು. ತೆಗೆದ ಮೇಲೆ, ಎಲ್ಲಾದರೂ ಚೂರುಪಾರು ಉಳಿದಿದ್ದರೆ ಅದಕ್ಕೂ ಇರಲಿ ಎಂದು, ಮೂರು ವಾರಕ್ಕೊಂದರಂತೆ ಆರು ಸಲ ಔಷಧಿಯ ಡ್ರಿಪ್ ಹಾಕಬೇಕು ಅಂದರು.

ಮೊದಲ ಡ್ರಿಪ್ಪಿನ ದಿನ ಅವಳ ತಮ್ಮ ಬಂದು ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಒಲೆಯಿಂದ ಬನ್ನು ಇಳಿಸಿ, ಮೊದಲನೆಯದನ್ನು ಕೈಯಲ್ಲಿ ಹಿಡಿದು ಪೆದ್ದನ ಹಾಗೆ ನಿಂತೆ. ಹೂಂ ಅನ್ನುವವರು ಯಾರು? ಬನ್ನನ್ನು ಸ್ಟೀಲ್ ಡಬ್ಬಿಗೆ ಹಾಕಿಕೊಂಡು, ಅಂಗಡಿಯ ಬಾಗಿಲನ್ನೂ ಎತ್ತದೆ ಆಸ್ಪತ್ರೆಗೆ ಓಡಿದೆ.

"ಇದೇನ್ರೀ, ಅಂಗಡಿ ಬಿಟ್ಟು ಬಂದಿದ್ದೀರಿ?" ಅಂದಳು.

"ನೀನು ಹೂಂ ಅನ್ನದೆ ಬಾಗಿಲು ಹೇಗೆ ಎತ್ತಲಿ?"

ಅವಳು ನಕ್ಕು ಬನ್ನನ್ನು ಮುರಿದಳು, ಮೂಸಿದಳು. ದಿನವೂ ಒಂದೇ ಚೂರು ತಿನ್ನುವವಳು ಅವತ್ತು ನನ್ನ ಮನಸ್ಸಿಗೆ ಸಮಾಧಾನವಾಗಲಿ ಅಂತ ಇಡೀ ಬನ್ನು ತಿಂದಳು. ಹೂಂ ಅಂದಳು. ಪಕ್ಕದ ಹಾಸಿಗೆಯವರೂ ನಕ್ಕರು. ನಾನು ಎದೆಯುಬ್ಬಿಸಿಕೊಂಡು ಬಂದು ಬಾಗಿಲು ಎತ್ತಿದೆ. ಬೇಕರಿಯವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು ಎಂದು ಗೊತ್ತಾಗುವುದಕ್ಕೆ ಮೂರು ವಾರ ಹಿಡಿಯಿತು.

ಅವತ್ತು ಮಧ್ಯಾಹ್ನದಿಂದ ಅವಳಿಗೆ ವಾಂತಿ ಶುರುವಾಯಿತು. ವಾಂತಿ ತಡೆಯುವ ಇಂಜೆಕ್ಷನ್ ಕೊಟ್ಟೇ ಡ್ರಿಪ್ ಹಾಕಿದ್ದರಂತೆ, ಬಹಳ ಜನಕ್ಕೆ ಅದರಲ್ಲೇ ನಿಲ್ಲುತ್ತದಂತೆ. ಇವಳಿಗೆ ನಿಲ್ಲಲಿಲ್ಲ. ಮರುದಿನ ಮನೆಗೆ ಕರೆತಂದೆ. ನಮ್ಮ ಮನೆ ಅಂದರೆ ಅಂಗಡಿಯ ಹಿಂದಿನ ಎರಡು ಕೋಣೆ, ಮಲಗುವ ಕೋಣೆಗೂ ಒಲೆಗೂ ನಡುವೆ ಒಂದೇ ಗೋಡೆ. ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತಳು. ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದು, ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟಳು.

"ಬ್ರೆಡ್ಡಿನ ವಾಸನೆ ರೀ. ಆಗ್ತಾ ಇಲ್ಲ."

ನನಗೆ ಅರ್ಥವೇ ಆಗಲಿಲ್ಲ. ಆ ವಾಸನೆಗೆ ಬೀದಿಯ ಜನ ಎಲ್ಲ ತಲೆಯೆತ್ತಿ ನೋಡುತ್ತಾರೆ. ಅವಳು ನನ್ನನ್ನು ಮದುವೆಯಾಗಿದ್ದೇ ಆ ವಾಸನೆಗೆ ಅಂತ ಅವಳ ತಮ್ಮ ಇವತ್ತಿಗೂ ಹೇಳುತ್ತಾನೆ. ನನ್ನ ಮುಖ ನೋಡಿದರೆ ಇರಲಿಕ್ಕೂ ಸಾಕು.

ಭಾವಮೈದುನನದು ಗಡಿಯಾರ ರಿಪೇರಿ ಅಂಗಡಿ, ಮೂರು ಬೀದಿ ಆಚೆ. ಒಬ್ಬನೇ ಇರುತ್ತಾನೆ, ಅಂಗಡಿಯ ಮೇಲೇ ಮನೆ. ನಾಲ್ಕು ದಿನದ ಮಟ್ಟಿಗೆ ಅಂತ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದ. ನಾಲ್ಕು ದಿನ ಹತ್ತು ದಿನವಾಯಿತು. ಹೂಂ ಇಲ್ಲದೆಯೇ ನಾನು ಬಾಗಿಲು ಎತ್ತತೊಡಗಿದೆ. ವಾಂತಿ ನಿಂತರೂ ಆ ವಾಸನೆಯ ಹೇಸಿಗೆ ನಿಲ್ಲಲಿಲ್ಲ. ನಾನು ದಿನಾ ಸಂಜೆ ಹೋಗುತ್ತಿದ್ದೆ. ಮೊದಮೊದಲು ಅವಳು ಕಿಟಕಿ ತೆರೆಸಿದಳು. ಆಮೇಲೆ ನನ್ನ ಕುರ್ಚಿಯನ್ನೇ ಕಿಟಕಿಯ ಹತ್ತಿರ ಹಾಕಿಸಿದಳು. ಆಮೇಲೊಂದು ದಿನ, ನಾನು ಒಳಗೆ ಕಾಲಿಡುತ್ತಿದ್ದ ಹಾಗೇ ಮುಖ ಗೋಡೆಗೆ ತಿರುಗಿಸಿಕೊಂಡಳು.

ನಾನು ಎರಡೆರಡು ಸಲ ಸ್ನಾನ ಮಾಡಿದೆ. ಸೋಪು ಬದಲಾಯಿಸಿದೆ, ಆಸ್ಪತ್ರೆ ನೆಲಕ್ಕೆ ಹಾಕುವಂಥ ಖಾರ ವಾಸನೆಯ ಸೋಪೂ ಹಚ್ಚಿಕೊಂಡೆ, ಹೊಸ ಅಂಗಿ ಹಾಕಿದೆ. ಇಪ್ಪತ್ತಾರು ವರ್ಷ ಹಿಟ್ಟಿನಲ್ಲಿ ಮುಳುಗಿದ ಮೈ ಇದು, ಒಂದು ಸೋಪಿಗೆ ಬಗ್ಗುತ್ತದೆಯೇ?

"ನಿಮ್ಮ ಬೆವರಲ್ಲೇ ಇದೆ ರೀ," ಅಂತ ಗೋಡೆಗೆ ಹೇಳಿದಳು. ಅಳುತ್ತಿದ್ದಳು. "ನಿಮ್ಮ ಮೇಲೆ ನಂಗೇನೂ ಇಲ್ಲ. ಹೊಟ್ಟೆ ನನ್ನ ಮಾತು ಕೇಳ್ತಿಲ್ಲ."

ಮೆಟ್ಟಿಲಿಳಿದು ಬರುವಾಗ ನನಗೆ ಹೆದರಿಕೆಯಾಯಿತು. ಕಾಯಿಲೆ ಹೋಗಿ ಹೆಂಡತಿ ಉಳಿದು, ಉಳಿದ ಹೆಂಡತಿ ನನ್ನ ಹತ್ತಿರ ಕೂರಲಾರದ ಹಾಗಾದರೆ? ಇಂಥದ್ದನ್ನು ಯಾವ ಡಾಕ್ಟರಿಗೆ ಅಂತ ಹೇಳುವುದು? ದಾರಿಯುದ್ದಕ್ಕೂ ಅವಳ ಹೊಟ್ಟೆಗೆ ಬಾಯಿಗೆ ಬಂದ ಹಾಗೆ ಬೈದುಕೊಂಡೆ. ಅನ್ನ ಹಾಕಿದ ಕೈಯನ್ನೇ ಮರೆತ ಹೊಟ್ಟೆ ಅಂದೆ.

ಎರಡನೆಯ ಡ್ರಿಪ್ಪಿನ ದಿನ ನಾನು ಬರಿಗೈಯಲ್ಲಿ ಹೋದೆ. ತಲೆದಿಂಬು ಸರಿಮಾಡೋಣ ಅಂತ ಬಗ್ಗಿದ್ದಷ್ಟೇ. ಇನ್ನೂ ಸೂಜಿ ಚುಚ್ಚಿರಲಿಲ್ಲ, ಅವಳು ಬೇಸಿನ್ನಿಗೆ ಬಾಗಿದಳು. ನಾನು ಸುಮ್ಮನೆ ಹೊರಗೆ ಬಂದು ವರಾಂಡದ ಬೆಂಚಿನ ಮೇಲೆ ಕುಳಿತೆ.

ಡ್ರಿಪ್ ಕೋಣೆಯ ಹಿರಿಯ ನರ್ಸ್ ಅದನ್ನು ನೋಡಿದ್ದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸು, ನಡೆಯುವಾಗ ಚಪ್ಪಲಿ ಸದ್ದು ಮಾಡುವುದಿಲ್ಲ. ಬಂದು ಪಕ್ಕದಲ್ಲಿ ಕುಳಿತರು.

"ನಿಮ್ಮದು ಬೇಕರಿ ಅಲ್ವಾ? ಹೋದ ಸಲ ಬನ್ನು ತಂದಿದ್ದವರು."

"ಹೌದು. ಯಾಕೆ?"

"ಡ್ರಿಪ್ಪಿಗೆ ಎಷ್ಟು ಹೊತ್ತು ಮುಂಚೆ ತಿಂದ್ರು?"

"ನೀವು ಸೂಜಿ ಚುಚ್ಚೋ ಮುಂಚೆ. ಬಿಸಿಬಿಸಿ ಇತ್ತು."

ಅವರು ಹಣೆ ಒತ್ತಿಕೊಂಡರು. "ನಿಮಗೆ ಹೇಳದೆ ಇದ್ದಿದ್ದು ನಮ್ಮ ತಪ್ಪು. ಸೆರೊಟೋನಿನ್ ಅಂತ ಕೇಳಿದ್ದೀರಾ?"

ಕೇಳಿದ್ದೆ. ಪೊಟ್ಟಣ ಕಟ್ಟುವ ಹಳೆ ಪೇಪರಿನಲ್ಲಿ ಓದಿದ್ದೆ, ಮನಸ್ಸಿಗೆ ಖುಷಿ ಕೊಡುವ ವಸ್ತುವಂತೆ, ತಲೆಯಲ್ಲಿ ಇರುತ್ತದಂತೆ. ಹಾಗಂತ ಹೇಳಿದೆ.

"ತಲೆಯಲ್ಲಿರೋದು ಚೂರು. ಮುಕ್ಕಾಲಿಗಿಂತ ಜಾಸ್ತಿ ಇರೋದು ಕರುಳಲ್ಲಿ. ಕರುಳಿನ ಒಳಗೋಡೆಯಲ್ಲಿ ಅದನ್ನ ತುಂಬಿಟ್ಟುಕೊಂಡಿರೋ ಜೀವಕೋಶಗಳಿವೆ. ಊಟ ಬಂದು ತಾಗಿದ್ರೆ ಒಂದು ಚಿಟಿಕೆ ಉದುರಿಸ್ತವೆ. ಕೆಳಗಡೆ ನರಗಳು ಕಾಯ್ತಾ ಇರ್ತವೆ, ಅವಕ್ಕೆ ಅದು ತಗುಲಿದ ಕೂಡ್ಲೇ ಕರುಳು ಹಿಂದಿನಿಂದ ಹಿಂಡಿ, ಮುಂದೆ ಸಡಿಲ ಮಾಡಿ, ಊಟನ ಮುಂದಕ್ಕೆ ದಾಟಿಸುತ್ತೆ. ನಮಗೆ ಗೊತ್ತೂ ಆಗಲ್ಲ. ಹಿಟ್ಟಿಗೆ ಉಪ್ಪು ಎಷ್ಟು ಹಾಕ್ತೀರಿ?"

"ಕೆಜಿಗೆ ಹದಿನೆಂಟು ಗ್ರಾಮ್."

"ಡಬ್ಬಿ ಉರುಳಿ ಎಲ್ಲಾ ಬಿದ್ರೆ?"

"ನಾಯಿಯೂ ಮೂಸಲ್ಲ."

"ಈ ಔಷಧಿ ಮಾಡೋದು ಅದನ್ನೇ. ಆ ಕೋಶಗಳಿಗೆ ಪೆಟ್ಟು ಕೊಡುತ್ತೆ, ಅವು ಇಟ್ಟುಕೊಂಡಿದ್ದನ್ನೆಲ್ಲ ಒಂದೇ ಸಲ ಚೆಲ್ಲಿಬಿಡ್ತವೆ. ನರಗಳು ಗಾಬರಿಯಾಗಿ ಮಿದುಳಿಗೆ ಕೂಗ್ತವೆ, ವಿಷ ಬಂದಿದೆ, ಹೊರಗೆ ಹಾಕು ಅಂತ. ನಾವು ಕೊಡೋ ಇಂಜೆಕ್ಷನ್ನು ಆ ನರಗಳ ಕಿವಿ ಮುಚ್ಚುತ್ತೆ. ನಿಮ್ಮ ಮನೆಯವರ ನರಗಳಿಗೆ ಕಿವಿ ಚುರುಕು. ಈ ಸಲ ಇನ್ನೊಂದು ಔಷಧಿ ಸೇರಿಸಿ ಅಂತ ಡಾಕ್ಟರಿಗೆ ಹೇಳಿದ್ದೀನಿ."

"ಸರಿ, ವಾಂತಿ ಅರ್ಥ ಆಯ್ತು. ನನ್ನನ್ನ ಕಂಡ್ರೆ ಯಾಕೆ?"

"ಮಿದುಳಿಗೆ ಡ್ರಿಪ್ಪು ಗಿಪ್ಪು ಗೊತ್ತಿಲ್ಲ. ವಿಷ ಬಂತು ಅಂದ್ರೆ, ಕೊನೆಗೆ ಬಾಯಿಗೆ ಬಂದಿದ್ದು ಯಾವುದು ಅಂತ ನೋಡುತ್ತೆ. ಬನ್ನು. ಆ ವಾಸನೆ ಮತ್ತೆ ಹತ್ತಿರ ಬಂದ್ರೆ ತಕ್ಷಣ ಎಚ್ಚರಿಸುತ್ತೆ. ನಿಮ್ಮ ಹತ್ತಿರ ಆ ವಾಸನೆ ಇದೆ." ಕನ್ನಡಕದ ದಾರ ಸರಿಮಾಡಿಕೊಂಡು, "ಆ ಹೊಟ್ಟೆಗೆ ಬೈಬೇಡಿ," ಅಂದರು. "ಪಾಪ, ಅದು ಅವರನ್ನ ಕಾಪಾಡ್ತಿದೀನಿ ಅಂದ್ಕೊಂಡಿದೆ."

ನಾನು ಬೈದಿದ್ದು ಇವರಿಗೆ ಹೇಗೆ ಗೊತ್ತಾಯಿತೋ.

"ಈಗೇನು ಮಾಡೋದು ಸಿಸ್ಟರ್?"

"ತಪ್ಪು ಹೊರೋದಕ್ಕೆ ಬೇರೆ ಯಾರನ್ನಾದ್ರೂ ಕೊಡೋಣ. ಮಕ್ಕಳ ವಾರ್ಡಲ್ಲಿ ಹೀಗೆ ಮಾಡ್ತೀವಿ. ಡ್ರಿಪ್ಪಿಗೆ ಮುಂಚೆ ಯಾವುದಾದ್ರೂ ಘಾಟು ರುಚಿಯ ಪೆಪ್ಪರಮಿಂಟು. ಮಿದುಳು ಅದರ ಮೇಲೆ ತಪ್ಪು ಹೊರಿಸುತ್ತೆ, ಊಟ ತಿಂಡಿ ಬಚಾವು. ಆದ್ರೆ ಒಂದು ಮಾತು. ಆ ಪೆಪ್ಪರಮಿಂಟನ್ನ ಮತ್ತೆ ಜೀವನಪೂರ್ತಿ ತಿನ್ನಕ್ಕಾಗದೆ ಇರಬಹುದು. ಇಲ್ಲದಿದ್ರೂ ನಡೆಯುತ್ತೆ ಅನ್ನೋ ತಿಂಡಿ ಯಾವುದಾದ್ರೂ ಇದೆಯಾ?"

ಇತ್ತು. ನಮ್ಮ ಅಂಗಡಿಯಲ್ಲೇ ಇತ್ತು. ಹೋದ ವರ್ಷ ಒಬ್ಬ ಏಜೆಂಟನ ಬಣ್ಣದ ಮಾತಿಗೆ ಮರುಳಾಗಿ ಒಂದು ದೊಡ್ಡ ಡಬ್ಬಿ ಹಸಿರು ಪೆಪ್ಪರಮಿಂಟು ಇಳಿಸಿಕೊಂಡಿದ್ದೆ. ಹೆಂಡತಿ ಒಂದನ್ನು ಮೂಸಿ "ಊಹೂಂ, ಮಂಡಿ ನೋವಿನ ಎಣ್ಣೆ" ಅಂದಿದ್ದಳು. ನಾನು ಹಟ ಮಾಡಿ ಮುಂದೆ ಇಟ್ಟಿದ್ದೆ. ಒಂದು ಮಗು ಕೊಂಡುಕೊಂಡು ಹೋಗಿ, ಬಾಯಿಂದ ತೆಗೆದು ವಾಪಸು ತಂದುಕೊಟ್ಟಿತ್ತು. ಅವತ್ತಿನಿಂದ ಡಬ್ಬಿ ಗಲ್ಲಾದ ಕೆಳಗೆ ತೆಪ್ಪಗೆ ಕೂತಿತ್ತು.

ಜೊತೆಗೆ ಬಂದಿದ್ದ ಭಾವಮೈದುನ ಓಡಿಹೋಗಿ ತಂದ. ನರ್ಸ್ ಡಬ್ಬಿಯ ಮೇಲಿನ ತಾರೀಖು ನೋಡಿ, ಒಂದನ್ನು ಮೂಸಿ, ಮುಖ ಕಿವುಚಿ, "ಇದಕ್ಕಿಂತ ಒಳ್ಳೇದು ಸಿಗಲ್ಲ" ಅಂದರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಹೆಂಡತಿ ಡಬ್ಬಿಯನ್ನು ಗುರುತಿಸಿದಳು. ಮೂರು ವಾರದಲ್ಲಿ ಮೊದಲ ಸಲ ನಕ್ಕಳು. "ಕೊನೆಗೂ ಒಬ್ಬರು ಗಿರಾಕಿ ಸಿಕ್ಕಿದ್ರು ಅಂತ ಹೇಳಿ ಅವರಿಗೆ," ಅಂದಳು.

ಇನ್ನು ಉಳಿದದ್ದು ನನ್ನ ಮೈಯ ವಾಸನೆ. ಹಿಟ್ಟಿನಿಂದ ದೂರ ಇರಿ, ತಿಂಗಳೊಪ್ಪತ್ತಿನಲ್ಲಿ ವಾಸನೆ ಹೋಗುತ್ತೆ ಅಂದರು ನರ್ಸ್. ಅಂಗಡಿ ಮುಚ್ಚುತ್ತೇನೆ ಅಂದೆ. ಅದಕ್ಕೆ ಭಾವಮೈದುನ, "ಮುಚ್ಚಿದ್ರೆ ಅಕ್ಕ ನಮ್ಮಿಬ್ಬರನ್ನೂ ಬದುಕಿಸಲ್ಲ ಭಾವ. ಬೇಕರಿ ನಾನು ನೋಡ್ಕೋತೀನಿ. ನೀವು ನನ್ನ ಅಂಗಡೀಲಿ ಕೂತ್ಕೊಳ್ಳಿ," ಅಂದ.

ಹಾಗೆ ನಾವು ಅಂಗಡಿಯನ್ನೂ ಮಲಗುವ ಜಾಗವನ್ನೂ ಬದಲಾಯಿಸಿಕೊಂಡೆವು. ಬೀದಿಗೆಲ್ಲ ಅದೇ ತಮಾಷೆ. ಅವನು ಬನ್ನಿನ ಹಿಟ್ಟನ್ನು ಒಂದೊಂದಾಗಿ ತನ್ನ ಪುಟ್ಟ ತಕ್ಕಡಿಯಲ್ಲಿ ತೂಗುತ್ತಿದ್ದನಂತೆ, ಒಂದು ಗ್ರಾಮ್ ಹೆಚ್ಚಾದರೆ ಚಿಮಟದಲ್ಲಿ ಕಿತ್ತು ತೆಗೆಯುತ್ತಿದ್ದನಂತೆ. ಎಂಟಕ್ಕೆ ಎತ್ತುವ ಬಾಗಿಲನ್ನು ಹತ್ತಕ್ಕೆ ಎತ್ತುತ್ತಿದ್ದ. ಇತ್ತ ನನ್ನ ಬೆರಳುಗಳು ಗಡಿಯಾರದ ಸ್ಕ್ರೂ ಹಿಡಿಯುವಂಥವಲ್ಲ. ಬಂದ ಗಡಿಯಾರವನ್ನೆಲ್ಲ ತೆಗೆದುಕೊಂಡು, ಚೀಟಿ ಅಂಟಿಸಿ, "ಬುಧವಾರ ಬನ್ನಿ" ಅನ್ನುತ್ತಿದ್ದೆ. ಭಾವಮೈದುನ ಸಂಜೆ ಬಂದು, ಅಕ್ಕನಿಗೆ ವಾಸನೆ ತಾಗದಿರಲಿ ಅಂತ ಮೇಲೆ ಹತ್ತದೆ ಕೆಳಗೇ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ರಿಪೇರಿ ಮಾಡುತ್ತಿದ್ದ. ಆ ನಾಲ್ಕು ತಿಂಗಳು ಅವನು ಎರಡು ಅಂಗಡಿ ನಡೆಸಿದ, ಒಂದು ದಿನವೂ ಉಸ್ಸೆನ್ನಲಿಲ್ಲ. ಅವನ ಋಣ ನಾನು ತೀರಿಸಲಾರೆ. ತೀರಿಸಲು ಹೋದರೆ ಅವನು ಬೈಯುತ್ತಾನೆ, ಅದಕ್ಕೆ ಇಲ್ಲಿ ಹೇಳಿಬಿಡುತ್ತಿದ್ದೇನೆ.

ಹಸಿರು ಪೆಪ್ಪರಮಿಂಟು ತನ್ನ ಕೆಲಸ ಮಾಡಿತು. ಸೇರಿಸಿದ ಔಷಧಿಯಿಂದ ವಾಂತಿಯೂ ಅರ್ಧಕ್ಕಿಳಿಯಿತು, ಉಳಿದರ್ಧದ ತಪ್ಪನ್ನೆಲ್ಲ ಅದೇ ಹೊತ್ತುಕೊಂಡಿತು. ನಾಲ್ಕನೆಯ ಡ್ರಿಪ್ಪಿನ ಹೊತ್ತಿಗೆ ಹಸಿರು ಕಾಗದ ಕಂಡರೇ ಅವಳು ಮುಖ ತಿರುಗಿಸುತ್ತಿದ್ದಳು. "ಅಪರಾಧಿ ಬಂದ" ಅನ್ನುತ್ತಿದ್ದಳು. ಅನ್ನ, ಸಾರು, ಹಣ್ಣು, ಎಲ್ಲವೂ ಸಲೀಸಾಗಿ ಹೋಗುತ್ತಿದ್ದವು. ನರ್ಸಿಗೆ ಅವಳನ್ನು ನೋಡಿದರೆ ಹೆಮ್ಮೆ. ನನ್ನ ಕೈರುಚಿಯ ಬಗ್ಗೆ ಎಂದೂ ಯಾರೂ ಅಷ್ಟು ಹೆಮ್ಮೆ ಪಟ್ಟಿಲ್ಲ.

ಐದನೆಯ ಡ್ರಿಪ್ಪಿಗೆ ನಾನು ಅವಳ ಹಾಸಿಗೆಯ ಪಕ್ಕದಲ್ಲೇ ಕುಳಿತೆ. ಅವಳು ನನ್ನ ಕೈ ಹಿಡಿದುಕೊಂಡಳು, ಮೂಸಿದಳು.

"ಗಡಿಯಾರದ ಎಣ್ಣೆ," ಅಂದಳು. "ಈಗ ನೀವು ನನ್ನ ತಮ್ಮನ ಹಾಗಿದ್ದೀರಿ."

ಅವಳು ನಗಿಸಲು ಹೇಳಿದ್ದು, ನಾನೂ ನಕ್ಕೆ. ಆದರೆ ಮನಸ್ಸು ಚುರುಕ್ ಅಂದಿತು. ಹತ್ತಿರ ಕೂರಿಸಿಕೊಂಡಿದ್ದಾಳೆ ನಿಜ, ಕೂರಿಸಿಕೊಂಡಿದ್ದು ನನ್ನನ್ನಲ್ಲವಲ್ಲ. ನಾನು ಮತ್ತೆ ಹಿಟ್ಟಿಗೆ ಕೈ ಹಾಕಿದ ದಿನ ಅವಳು ಮತ್ತೆ ಗೋಡೆಗೆ ತಿರುಗಬಹುದು. ಹಾಗೇನಾದರೂ ಆದರೆ ಬೇಕರಿಯನ್ನು ಭಾವಮೈದುನನಿಗೇ ಬಿಟ್ಟು ನಾನು ಉಳಿದ ಆಯುಸ್ಸನ್ನೆಲ್ಲ "ಬುಧವಾರ ಬನ್ನಿ" ಅಂದುಕೊಂಡು ಕಳೆಯುವುದು ಎಂದು ಅವತ್ತೇ ನಿಶ್ಚಯಿಸಿದೆ. ಹೆಂಡತಿಗೆ ಹೇಳಲಿಲ್ಲ.

ಆರನೆಯದೂ ಮುಗಿಯಿತು. ಡಾಕ್ಟರು ಪರೀಕ್ಷೆಗಳನ್ನೆಲ್ಲ ನೋಡಿ, ಸದ್ಯಕ್ಕೆ ಎಲ್ಲ ಸ್ವಚ್ಛ, ಮನೆಗೆ ಹೋಗಿ ಅಂದರು. ಮನೆ ಅಂದರೆ ಒಲೆಯ ಗೋಡೆಯ ಪಕ್ಕದ ಆ ಕೋಣೆ.

"ಅವಸರ ಮಾಡ್ಬೇಡಿ," ಅಂದರು ನರ್ಸ್. "ಅದೇ ವಾಸನೆ ದಿನಾ ಸ್ವಲ್ಪ ಸ್ವಲ್ಪ ಬರಲಿ, ಅದರ ಬೆನ್ನಿಗೆ ಏನೂ ಕೆಟ್ಟದ್ದು ಆಗದೆ ಇರಲಿ. ಆಗ ಆ ನರಗಳೂ ಮಿದುಳೂ ನಿಧಾನಕ್ಕೆ ನಂಬ್ತವೆ. ನಂಬಿಸೋ ಕೆಲಸ ನಿಮ್ಮದು."

"ನಿಮ್ಮ ಹೊಟ್ಟೆ ತಣ್ಣಗಿರಲಿ ತಾಯಿ," ಅಂದೆ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು, ಅಲ್ಲಿ ಮತ್ತೊಬ್ಬರ ಡ್ರಿಪ್ ಮುಗಿದಿತ್ತು.

ನಂಬಿಸುವ ಕೆಲಸ ಹೀಗೆ ನಡೆಯಿತು. ನಾನು ಮತ್ತೆ ಏಪ್ರನ್ ಕಟ್ಟಿದೆ. ಬೆಳಿಗ್ಗೆ ಎಂಟಕ್ಕೆ ಅವಳು ತಮ್ಮನ ಜೊತೆ ಬಂದು ಬೀದಿಯ ಆಚೆಬದಿ, ಚಪ್ಪಲಿ ಅಂಗಡಿಯ ಮುಂದೆ ನಿಲ್ಲುತ್ತಿದ್ದಳು. ಮೊದಲ ದಿನ ಒಂದೇ ನಿಮಿಷ ನಿಂತು ಹೋದಳು. ಮೂರನೆಯ ದಿನ ಬೀದಿ ದೀಪದ ಕಂಬದ ತನಕ ಬಂದಳು. ಐದನೆಯ ದಿನ ಕಂಬ ದಾಟಿ, ಓಕರಿಕೆ ಬಂದು, ಮತ್ತೆ ಚಪ್ಪಲಿ ಅಂಗಡಿಗೆ ವಾಪಸಾದಳು. ಅವತ್ತು ನಾನು ಒಳಗೆ ಹೋಗಿ ಹಿಟ್ಟಿನ ಮೇಲೆ ಸಿಟ್ಟು ತೀರಿಸಿಕೊಂಡೆ. ಆಮೇಲೆ ನರ್ಸ್ ಹೇಳಿದ್ದು ನೆನಪಾಗಿ ಆ ಹೊಟ್ಟೆಯ ಹತ್ತಿರವೇ ಮನಸ್ಸಿನಲ್ಲಿ ಮಾತಾಡಿದೆ. ನೀನು ಕಾವಲು ಕಾಯ್ತಿದ್ದೀಯ, ಗೊತ್ತು. ಅವಳನ್ನ ಇಷ್ಟು ಜೋಪಾನ ಮಾಡಿದ್ದಕ್ಕೆ ದೊಡ್ಡ ಉಪಕಾರ. ಬೈದಿದ್ದು ಮನಸ್ಸಿನಲ್ಲಿ ಇಟ್ಕೋಬೇಡ. ಈಗ ಸ್ವಲ್ಪ ದಾರಿ ಬಿಡು ಮಾರಾಯ ಅಂದೆ. ಐವತ್ತೆರಡು ವರ್ಷದ ಗಂಡಸು ಹೆಂಡತಿಯ ಕರುಳಿಗೆ ಕೈಮುಗಿದ ಎಂದು ಯಾರಾದರೂ ನಕ್ಕರೆ ನಗಲಿ.

ಒಂಬತ್ತನೆಯ ದಿನ ಚರಂಡಿಯ ಚಪ್ಪಡಿ. ಹನ್ನೆರಡನೆಯ ದಿನ ಹೊಸ್ತಿಲು. ಕರವಸ್ತ್ರ ಕೈಯಲ್ಲಿತ್ತು, ಮೂಗಿನ ಮೇಲಿರಲಿಲ್ಲ.

ಹದಿನಾಲ್ಕನೆಯ ದಿನ ಅವಳು ತಮ್ಮನನ್ನು ಹೊರಗೆ ನಿಲ್ಲಿಸಿ, ಅರ್ಧ ಇಳಿಸಿದ ಬಾಗಿಲಿನ ಕೆಳಗೆ ಬಗ್ಗಿ ಒಳಗೆ ಬಂದಳು. ಒಲೆಯಿಂದ ಬನ್ನು ಆಗತಾನೇ ಇಳಿದಿತ್ತು. ಡ್ರಿಪ್ಪಿಗೆ ಉದುರಿದ್ದ ಅವಳ ಕೂದಲು ಇನ್ನೂ ಒಂದು ಬೆರಳಗಲ ಬೆಳೆದಿತ್ತು ಅಷ್ಟೇ. ತನ್ನ ಹಳೆಯ ಜಾಗದಲ್ಲಿ, ಮೇಜಿನ ಮೂಲೆಯಲ್ಲಿ ನಿಂತು ಕೈ ಚಾಚಿದಳು.

"ಬೇಡ ಕಣೇ. ಇನ್ನೆರಡು ದಿನ ಹೋಗಲಿ," ಅಂದೆ.

"ಕೊಡ್ರೀ ಸುಮ್ನೆ."

ಕೊಟ್ಟೆ. ಮುರಿದಳು, ಹಬೆ ಎದ್ದಿತು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ನಾನು ಬೇಸಿನ್ನು ಎಲ್ಲಿದೆ ಅಂತ ನೋಡುತ್ತಿದ್ದೆ. ಒಂದು ಚೂರು ಬಾಯಿಗಿಟ್ಟು ಅಗಿದಳು, ನುಂಗಿದಳು. ಹುಬ್ಬು ಗಂಟಾಯಿತು. ಬನ್ನನ್ನು ಮೇಜಿನ ಮೇಲಿಟ್ಟಳು.

"ಊಹೂಂ," ಅಂದಳು.

ನಾನು ಬೇಸಿನ್ನು ಎತ್ತಿಕೊಂಡೆ. "ಬಿಡು, ಬಿಡು. ಬಾ ಹೊರಗೆ ಹೋಗೋಣ. ಗಾಳಿಗೆ ಕೂತ್ಕೋ."

"ಗಾಳಿ ಯಾಕೆ? ಉಪ್ಪು ಎರಡು ಸಲ ಹಾಕಿದ್ದೀರಿ."

ನಾನು ಒಂದು ಚೂರು ತಿಂದು ನೋಡಿದೆ. ಹೌದು, ಉಪ್ಪೇ ಉಪ್ಪು. ಬೆಳಿಗ್ಗೆಯಿಂದ ಕಣ್ಣು ಬೀದಿಯ ಕಡೆಗೇ ಇತ್ತು, ಯಾವಾಗ ಎರಡನೆಯ ಸಲ ಹಾಕಿದೆನೋ ಗೊತ್ತಿಲ್ಲ. ಹದಿನೆಂಟನೆಯ ಊಹೂಂ. ಆ ತಟ್ಟೆಯ ಬನ್ನನ್ನೆಲ್ಲ ಎತ್ತಿ ಬದಿಗೆ ಸುರಿದೆ, ಜೀವಮಾನದಲ್ಲಿ ಅಷ್ಟು ಸಂತೋಷದಿಂದ ನಾನು ಏನನ್ನೂ ಸುರಿದಿಲ್ಲ. ಜಗಳ ಆಡಲಿಲ್ಲ.

ಮತ್ತೆ ಹಿಟ್ಟು ಹಾಕಿಕೊಂಡೆ. ಅವಳು ಪಕ್ಕದಲ್ಲಿ ನಿಂತು ಉಪ್ಪು ಅಳೆದುಕೊಟ್ಟಳು. ಕಲಸುತ್ತಾ ಕಲಸುತ್ತಾ ಬೆವರು ಬಂತು, ಅದೇ ಹಳೆಯ ಬೆವರು. ನಾನು ಮೆಲ್ಲಗೆ ಒಂದು ಹೆಜ್ಜೆ ದೂರ ಸರಿದೆ, ಈ ನಾಲ್ಕೈದು ತಿಂಗಳಲ್ಲಿ ಅದು ಅಭ್ಯಾಸವಾಗಿಬಿಟ್ಟಿತ್ತು.

ಅವಳು ನನ್ನ ಮಣಿಕಟ್ಟು ಹಿಡಿದು ಎಳೆದಳು. ಹಿಟ್ಟು ಮೆತ್ತಿದ ಕೈಯನ್ನು ತಿರುಗಿಸಿ, ಬನ್ನನ್ನು ಹಿಡಿಯುವ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದುಕೊಂಡು ಕಣ್ಣು ಮುಚ್ಚಿದಳು. ಹೊರಗೆ ಗಿರಾಕಿಗಳು ಬಾಗಿಲು ಬಡಿಯುತ್ತಿದ್ದರು. ಅವಳ ತಮ್ಮ ಅವರಿಗೆಲ್ಲ ಬುಧವಾರ ಬನ್ನಿ ಅನ್ನುತ್ತಿದ್ದ.

"ಹೂಂ," ಅಂದಳು.

ನಾನು ಹೋಗಿ ಬಾಗಿಲು ಎತ್ತಿದೆ.